ನಲವತ್ತೊಂದನೆಯ ಬಾಬಿನ್

ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಬೆನ್ನಿಗೆ
ಮೀನಿನ ಶೀತಲಗೃಹ. ಒಳಗೆ ಮೈನಸ್ ಇಪ್ಪತ್ತೆರಡು.
ಹೊರಗೆ ಫೆಬ್ರವರಿ; ಹೆಚ್ಚೇನೂ ವ್ಯತ್ಯಾಸವಿಲ್ಲ.

ನನ್ನ ಚೀಲದಲ್ಲಿ ಅರವತ್ತೆಂಟು ಪುಟ,
ಏಪ್ರಿಲ್ ಒಂದರಿಂದ ಹೊಸ ನಿಯಮ.
ಪಾಲಿಸದಿದ್ದರೆ ವಿಮೆಯಿಲ್ಲ,
ವಿಮೆಯಿಲ್ಲದವನ ಮೀನು ಸೂಪರ್‌ಮಾರ್ಕೆಟ್ಟಿಗೆ ಬೇಡ,
ಬೇಡವಾದರೆ ಎಂಬತ್ತು ಮನೆಯ ಒಲೆ...
ಕೋಟೆ ಸೂರೆಯಾಗುವ ಮೊದಲೇ
ದಿಡ್ಡಿ ಬಾಗಿಲು ಹಾಕಿಸುವುದು ನನ್ನ ಕಸುಬು.
ಸೂರೆಯಾಗದ ಕೋಟೆಗೆ
ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ನಾರ್ಮನ್ ಸ್ಟಾಥರ್, ಯಂತ್ರಗಳ ಉಸ್ತುವಾರಿ.
ಮಂಜು ಮೆತ್ತಿದ ಹುಬ್ಬು, ಹಳೆಯ ಹಗ್ಗದಂಥ ಕೈ.
"ಮುಂಚೆಯೂ ಬಂದಿದ್ದೆ ನೀನು," ಎಂದ.
ಹೌದು. ಹತ್ತು ವರ್ಷದ ಹಿಂದೆ.
ಇದೇ ಕೋಣೆ, ಇದೇ ಕೆಟಲ್, ಬೇರೆ ಅರವತ್ತೆಂಟು ಪುಟ.

ಚಹಾ ಡಬ್ಬಿಯ ಕಪಾಟು ತೆರೆದ.
ಬಾಗಿಲ ಒಳಮೈಗೆ ಅಂಟಿಸಿದ ಹಾಳೆ,
ಮೇಲಿಂದ ಕೆಳಗೆ ಅವನ ದುಂಡು ಅಕ್ಷರ:
ಬಾಬಿನ್1, ಅದಕ್ಕೊಂದು ಗೀಟು,
ಬಾಬಿನ್2, ಗೀಟು, ಬಾಬಿನ್3, ಗೀಟು.
"ತೊಂಬತ್ತು ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸು ಅಂದಿದ್ದೆಯಲ್ಲ,
ಒಂದು ಸಲವೂ ತಪ್ಪಿಸಿಲ್ಲ."

ಬೆರಳು ಪಟ್ಟಿಯ ಮೇಲೆ ಇಳಿಯಿತು.
ಒಂಬತ್ತರಲ್ಲಿ ಮಂಡಿಯ ಆಪರೇಷನ್.
ಹದಿನಾಲ್ಕರಲ್ಲಿ ಮಗಳು ಡಾಂಕಾಸ್ಟರಿಗೆ ಹೋದಳು.
ಇಪ್ಪತ್ತು, ಇಪ್ಪತ್ತೊಂದು: ಊರೆಲ್ಲ ಬಾಗಿಲು ಮುಚ್ಚಿದಾಗ
ಇಲ್ಲಿ ಅವನೊಬ್ಬನೇ, ಮೀನುಗಳ ಜೊತೆ.
ಇಪ್ಪತ್ತಾರು.
ಬೆರಳು ನಿಂತಿತು.
"ಇದರಲ್ಲಿ ಬಾಬಿನ್ ಸತ್ತಿತು. ಒಳ್ಳೆಯ ನಾಯಿ.
ಹೆಸರು ಬದಲಿಸಬೇಕೆಂದು ನಿಯಮವಿರಲಿಲ್ಲ. ಅಂಕಿ ಸಾಕಾಗುತ್ತಿತ್ತು."

ನಾರ್ಮನ್, ಎಂದೆ,
ಆ ತೊಂಬತ್ತು ದಿನದ ಮಾತು ತಪ್ಪಾಗಿತ್ತು.
ಅಂಕಿ ಏರಿದರೆ ಅದು ಬೀಗವಲ್ಲ, ಕಳ್ಳನಿಗೆ ಮೆಟ್ಟಿಲು.
ಈಗ ಸುಮ್ಮಸುಮ್ಮನೆ ಬದಲಿಸಬಾರದಂತೆ.
ಉದ್ದ ಬೇಕಂತೆ. ಜೇಬಿನಲ್ಲೊಂದು ಪುಟ್ಟ ಕೀಲಿ ಬೇಕಂತೆ,
ಅದನ್ನು ಮುಟ್ಟಿಸದೆ ಮಾತಿಗೊಂದಕ್ಕೇ ಬಾಗಿಲು ತೆರೆಯಬಾರದಂತೆ.

ಅಂತೆ, ಅಂತೆ. ಅವತ್ತು ಒಂದೂ ಅಂತೆ ಇರಲಿಲ್ಲ ನನ್ನ ಬಾಯಲ್ಲಿ.
ಕಲ್ಲಿನ ಶಾಸನದ ಹಾಗೆ ನುಡಿದಿದ್ದೆ,
ಅಳುಪಿದವರಿಗೆ ಕವಿಲೆಯ ಕೊಂದ ಪಾಪ ಸಮೇತ.

ಅವನು ಸಿಟ್ಟಾಗಲಿಲ್ಲ. ಎರಡು ಕಪ್ಪಿಗೂ ಹಾಲು ಹುಯ್ದ.
"ನಮ್ಮಪ್ಪ ಹಂಬರ್ ಹೊಳೆಯ ಆಳ ಅಳೆಯುವ ದೋಣಿಯಲ್ಲಿದ್ದ.
ಅಲ್ಲಿನ ಮರಳು ಮಲಗಿದ ಕಡೆ ಏಳುವುದಿಲ್ಲ,
ನಕ್ಷೆಯ ಶಾಯಿ ಒಣಗುವುದರೊಳಗೆ ನಕ್ಷೆ ಸುಳ್ಳು.
ಮತ್ತೆ ಹೋಗುವುದು, ಮತ್ತೆ ಗುಂಡು ಇಳಿಬಿಡುವುದು,
ತೇಲುದೀಪ ಸರಿಸಿ ಬರುವುದು.
ಹಳೆಯ ನಕ್ಷೆ ಬರೆದವನನ್ನು ಯಾರೂ ಬೈಯಲಿಲ್ಲ.
ಅದನ್ನೇ ನಂಬಿ ಹಡಗು ಬಿಟ್ಟವನನ್ನು ಬೈದರು."

ಮಧ್ಯಾಹ್ನವೆಲ್ಲ ಕೆಲಸ.
ಕಂಪ್ರೆಸರಿನ ಮುದಿ ಕಂಪ್ಯೂಟರಿಗೆ
ಜಗತ್ತಿನ ಜೊತೆಗಿದ್ದ ತಂತಿ ಕಿತ್ತೆವು.
ರಾತ್ರಿ ಮೂರಕ್ಕೆ ಪರದೆ ಕಪ್ಪಾದರೆ
ಯಾರಿಗೆ ಫೋನು, ಯಾವ ನಂಬರು?
ಕಾಗದದಲ್ಲಿ ಬರೆದು ಗೋಡೆಗೆ ಹೊಡೆದೆವು.
ಆಮೇಲೆ ಒಮ್ಮೆ ಬೇಕೆಂದೇ ಎಲ್ಲ ಆರಿಸಿದೆವು.
ಹನ್ನೊಂದು ನಿಮಿಷ ಅವನು ಕೊಳವೆಗೆ ಕಿವಿಯಿಟ್ಟು
ಕೈಯಿಂದಲೇ ಶೀತ ಕಾದ,
ಹಸುಗೂಸಿನ ಉಸಿರು ಕೇಳುವವನ ಹಾಗೆ.
ನನ್ನ ಅರವತ್ತೆಂಟು ಪುಟದಲ್ಲಿ ಆ ಕಿವಿಯ ಪ್ರಸ್ತಾಪವಿಲ್ಲ.

ಕೊನೆಗೆ ಹೊಸ ಪಾಸ್‌ವರ್ಡ್. ನಾಲ್ಕು ಪದ ಸಾಕು, ಎಂದೆ,
ಒಂದಕ್ಕೊಂದು ನಂಟಿಲ್ಲದವು. ನನಗೂ ಹೇಳಬೇಡ.
ಹಳೆಯ ಹಾಳೆಯನ್ನು ಚೂರುಯಂತ್ರಕ್ಕೆ ಹಾಕಬೇಕು.
ಅವನು ಹಾಳೆ ಬಿಡಿಸಿ, ನಾಲ್ಕಾಗಿ ಮಡಚಿ
ಅಂಗಿಯ ಒಳಜೇಬಿಗಿಟ್ಟ.
ಸತ್ತ ಗುಟ್ಟು, ಯಾರಿಗೂ ಕೇಡಿಲ್ಲ.
ಹಾಕಿದ ಎಂದು ವರದಿಯಲ್ಲಿ ಬರೆದೆ.

ಗೋಡೆಯ ಕಡೆ ತಿರುಗಿ ನಿಂತೆ;
ಹತ್ತು ವರ್ಷದಲ್ಲಿ ಬದಲಾಗದ ನಿಯಮ ಇದೊಂದೇ.
ಹಿಂದೆ ಒಂದೇ ಬೆರಳಿನ ಟಕ್, ಟಕ್.
ನಡುವೆ ಒಮ್ಮೆ ತುಂಬ ಹೊತ್ತು ಸದ್ದಿಲ್ಲ.
ಆಮೇಲೆ ಮತ್ತೆ ಟಕ್.